ಮಾತಿನ ದನಿಯಿಂದ ಹಾಡಿನ ದನಿಗೆ: ಭಾವಗೀತೆ, ಚಿತ್ರಗೀತೆ ಹಾಡುವವರಿಗೆ ಕಂಠಸಾಧನೆ

ಮಾತಾಡುವಾಗ ಹಿತವಾಗಿದ್ದ ದನಿ ಹಾಡಲು ನಿಂತ ಕೂಡಲೇ ಬೇರೆಯಾಗಿಬಿಡುತ್ತದೆ. ಗದ್ದ ಮೇಲೇಳುತ್ತದೆ, ಗಂಟಲು ಬಿಗಿಯುತ್ತದೆ, ಸ್ವರ ಮೂಗಿಗೆ ಏರುತ್ತದೆ, ಹೆಸರಾಂತ ಹಿನ್ನೆಲೆ ಗಾಯಕರೊಬ್ಬರ ಛಾಯೆ ಬಂದು ಕೂರುತ್ತದೆ. ಸುಗಮ ಸಂಗೀತದ ತರಗತಿಗಳಲ್ಲಿ, ಕರೋಕೆ ಕೂಟಗಳಲ್ಲಿ, ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ ಇದು. ಇಂಥವರಿಗೆ ‘ಸಹಜವಾಗಿ ಹಾಡಿ’ ಎಂದಷ್ಟೇ ಹೇಳಿದರೆ ಏನೂ ಆಗುವುದಿಲ್ಲ. ಸಹಜವಾಗಿ ಹಾಡುವುದಕ್ಕೂ ಅಭ್ಯಾಸ ಬೇಕು, ಆ ಅಭ್ಯಾಸಕ್ಕೆ ಒಂದು ಕ್ರಮ ಇದೆ. ಮಾತಿನ ದನಿಯನ್ನು ಕೈಬಿಡದೆ ಮೇಲಿನ, ಕೆಳಗಿನ ಸ್ವರಗಳಿಗೆ ಒಯ್ಯುವುದು ಆ ಕ್ರಮದ ತಿರುಳು.

ಈ ಬಗೆಯ ಹಾಡುಗಾರಿಕೆ ಮೈಕಿನ ಕೂಸು. ಕಂಪನಿ ನಾಟಕದ ನಟ ಮೈಕಿಲ್ಲದೆ ಹಾಡಿದ್ದು ಕೊನೆಯ ಸಾಲಿಗೂ ಕೇಳಬೇಕಿತ್ತು. ಅದಕ್ಕೇ ಏರಿಸಿದ ಶ್ರುತಿ (ಹಾಡಿಗೆ ಆಧಾರವಾದ ಸ್ವರದ ಎತ್ತರ), ಎತ್ತಿ ಎಸೆದ ದನಿ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ಆರಂಭಿಸಿದರು. ರೇಡಿಯೊ, ಆಮೇಲೆ ಧ್ವನಿಮುದ್ರಿಕೆ, ಕ್ಯಾಸೆಟ್ಟು ಬಂದಂತೆಲ್ಲ ಹಾಡುವವರ ಬಾಯಿಗೂ ಕೇಳುವವರ ಕಿವಿಗೂ ಇದ್ದ ದೂರ ಒಂದು ಗೇಣಿಗೆ ಇಳಿಯಿತು. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಕವಿತೆ ಹಾಡಬಹುದಾಯಿತು. ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೂವರೂ ಭಾವಗೀತೆಗಳನ್ನೇ ಹಾಡಿದವರು, ಆದರೆ ಒಬ್ಬರ ಕಂಠ ಇನ್ನೊಬ್ಬರದನ್ನು ಹೋಲುವುದಿಲ್ಲ. ಅವರಿಂದ ಕಲಿಯಬೇಕಾದ ಮೊದಲ ವಿಷಯವೇ ಇದು. ಅಶ್ವತ್ಥರ ಏರುದನಿ ಅವರ ಕಂಠಕ್ಕೆ ಒಪ್ಪಿತ್ತು. ಅದನ್ನು ನಿಮ್ಮ ಗಂಟಲಿನಿಂದ ಎಳೆದು ತೆಗೆಯಲು ಹೋಗಬೇಡಿ.

ಮೊದಲು ನಿಮ್ಮ ಶ್ರುತಿ

ಅರ್ಧದಷ್ಟು ಬಿಗಿತ ತಪ್ಪು ಶ್ರುತಿಯಿಂದಲೇ ಬರುತ್ತದೆ. ಗಂಡಸರ ಸಾಮಾನ್ಯ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ಹಾರ್ಮೋನಿಯಂನ ಬಿಳಿ ಮನೆಗಳನ್ನು 1ರಿಂದ 7ರವರೆಗೆ ಎಣಿಸಿ ಶ್ರುತಿಗೆ ಹೆಸರಿಡುತ್ತಾರೆ. ಗಂಡಸರು ಸಾಮಾನ್ಯವಾಗಿ ಹಾಡುವ 1 ಮನೆ ಶ್ರುತಿಯ ಮಧ್ಯ ಷಡ್ಜ, ಅಂದರೆ ನಡುವಿನ ‘ಸ’, ಸೆಕೆಂಡಿಗೆ 131 ಕಂಪನ, ಹೆಂಗಸರು ಹಾಡುವ 5 ಮನೆಯ ಷಡ್ಜ 196. ಅಂದರೆ ಷಡ್ಜ ನಿಮ್ಮ ಮಾತಿನ ನೆರೆಯಲ್ಲೇ ಇದೆ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಶ್ರುತಿ ಗೊತ್ತುಮಾಡಿಕೊಳ್ಳಲು ತಂಬೂರಿ ಆ್ಯಪ್ ಅಥವಾ ಹಾರ್ಮೋನಿಯಂ ಸಾಕು. ಗಂಟಲು ಪೂರ್ತಿ ಎಚ್ಚರಗೊಂಡಿರುವ ಹೊತ್ತಿನಲ್ಲಿ, ಎದ್ದು ಎರಡು ತಾಸಾದರೂ ಕಳೆದ ಮೇಲೆ ಕೂರಿ. ಒಂದೊಂದೇ ಸ್ವರ ಇಳಿಯುತ್ತಾ, 4 ಸೆಕೆಂಡು ಗೊರಗೊರ ಎನ್ನದೆ ನಿಲ್ಲಿಸಬಲ್ಲ ಕೊನೆಯ ಸ್ವರವನ್ನು ಗುರುತು ಹಾಕಿಕೊಳ್ಳಿ. ಹಾಗೆಯೇ ಏರುತ್ತಾ, ಗದ್ದ ಎತ್ತದೆ ನಿಲ್ಲಿಸಬಲ್ಲ ಕೊನೆಯ ಸ್ವರವನ್ನೂ ಗುರುತಿಸಿ. ಏರುವಾಗ ಬರೀ ಅಕಾರ ಬೇಡ, ಹಾಡಿನ ಒಂದು ಪದವನ್ನೇ ಇಟ್ಟು ನೋಡಿ. ಅಕಾರದಲ್ಲಿ ಸಿಕ್ಕ ಸ್ವರ ‘ನೀನು’ ಎಂಬ ಪದ ಬಂದಾಗ ಸಿಗದೆ ಹೋಗುವುದುಂಟು.

ಇನ್ನು ಹಾಡನ್ನು ಅಳೆಯಿರಿ. ಅದರ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು? ಭಾವಗೀತೆಗಳಲ್ಲಿ ಮಂದ್ರ ಪಂಚಮದಿಂದ (ಕೆಳಗಿನ ಸ್ಥಾಯಿಯ ‘ಪ’) ತಾರ ಗಾಂಧಾರ, ಮಧ್ಯಮದವರೆಗಿನ (ಮೇಲಿನ ಸ್ಥಾಯಿಯ ‘ಗ’, ‘ಮ’) ಓಡಾಟ ಸಾಮಾನ್ಯ. ಹಾಡಿನ ತುದಿಸ್ವರ ನಿಮ್ಮ ಮಿತಿಗಿಂತ ಕನಿಷ್ಠ ಒಂದು ಪೂರ್ತಿ ಸ್ವರ ಕೆಳಗೆ ಇರುವಂತೆ ಶ್ರುತಿ ಇಟ್ಟುಕೊಳ್ಳಿ. ಮಿತಿಯ ಅಂಚಿನಲ್ಲೇ ಹಾಡು ಇಟ್ಟರೆ ಮನೆಯಲ್ಲಿ ಬಂದದ್ದು ವೇದಿಕೆಯಲ್ಲಿ ಬರುವುದಿಲ್ಲ. ಅರ್ಧ ಮನೆ, ಅಂದರೆ ಪಕ್ಕದ ಕಪ್ಪು ಮನೆಗೆ, ಇಳಿಸಿಕೊಳ್ಳಲು ಯಾರೂ ನಾಚಬೇಕಾಗಿಲ್ಲ, ಅಷ್ಟರಲ್ಲೇ ಚರಣ ಹಗುರವಾಗುತ್ತದೆ. ಲೆಕ್ಕ ಹಾಕುವಾಗ ಒಂದು ನೆನಪಿರಲಿ: 3ಕ್ಕೂ 4ಕ್ಕೂ ನಡುವೆ ಕಪ್ಪು ಮನೆ ಇಲ್ಲ, ಆದ್ದರಿಂದ 4ರಿಂದ 3ಕ್ಕೆ ಇಳಿದರೆ ಇಳಿದದ್ದು ಅರ್ಧ ಸ್ವರ ಮಾತ್ರ.

ಹೆಂಗಸರ ಹಾಡನ್ನು ಗಂಡಸರು ಹಾಡುವಾಗ ತೊಡಕು ಹೆಚ್ಚು. ಕರೋಕೆ ಟ್ರ್ಯಾಕ್ (ಮೊದಲೇ ಮುದ್ರಿಸಿದ ಹಿನ್ನೆಲೆ ವಾದ್ಯ) 5 ಮನೆಯಲ್ಲಿದ್ದು ನಿಮ್ಮದು 1 ಮನೆಯಾದರೆ ಏಳು ಅರ್ಧಸ್ವರ ಇಳಿಸಬೇಕು, ಇಲ್ಲವೇ ಐದು ಏರಿಸಬೇಕು. ಮೂರಕ್ಕಿಂತ ಹೆಚ್ಚು ಸರಿಸಿದರೆ ಟ್ರ್ಯಾಕಿನ ತಬಲಾ, ಕೊಳಲು ವಿಕಾರವಾಗಿ ಕೇಳತೊಡಗುತ್ತವೆ. ಅಂಥ ಹಾಡಿಗೆ ಕೀಬೋರ್ಡ್ ನುಡಿಸುವವರನ್ನು ಕೇಳಿ ನಿಮ್ಮ ಶ್ರುತಿಗೆ ಹೊಸ ಟ್ರ್ಯಾಕ್ ಮಾಡಿಸಿಕೊಳ್ಳುವುದೇ ಒಳ್ಳೆಯದು.

ಉಸಿರು: ತುಂಬುವುದಕ್ಕಿಂತ ಉಳಿಸುವುದು

ಎರಡೂ ಅಂಗೈಗಳನ್ನು ಪಕ್ಕೆಲುಬಿನ ಕೊನೆಯ ಮೇಲೆ, ಹೆಬ್ಬೆರಳು ಬೆನ್ನಿಗೆ ಬರುವಂತೆ ಇಟ್ಟುಕೊಳ್ಳಿ. ಸದ್ದಿಲ್ಲದೆ ಉಸಿರು ತೆಗೆದುಕೊಂಡಾಗ ಕೈಗಳು ಪಕ್ಕಕ್ಕೆ ಸರಿಯಬೇಕು, ಹೆಗಲು ಮೇಲೇಳಬಾರದು. ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ) ಕೆಳಗಿಳಿದಾಗ ಹೊಟ್ಟೆ ತಾನಾಗಿ ಮುಂದೆ ಬರುತ್ತದೆ, ನೀವು ಉಬ್ಬಿಸಬೇಕಾಗಿಲ್ಲ. ಈಗ ‘ಸ್‌ಸ್‌’ ಎಂದು ಒಂದೇ ಸಮನೆ ಬಿಡಿ. ಮೊದಲ ವಾರ 15 ಸೆಕೆಂಡು, ಮೂರನೇ ವಾರಕ್ಕೆ 20, ಆಮೇಲೆ 25. ದಿನಕ್ಕೆ ಐದು ಸಲ ಸಾಕು. ಎಷ್ಟು ಹೊತ್ತು ಎನ್ನುವುದಕ್ಕಿಂತ ಸದ್ದು ಮೊದಲಿಂದ ಕೊನೆಯವರೆಗೆ ಒಂದೇ ದಪ್ಪವಾಗಿತ್ತೇ ಎನ್ನುವುದನ್ನು ನೋಡಿಕೊಳ್ಳಿ. ಮೊದಲ ಮೂರು ಸೆಕೆಂಡಿನಲ್ಲೇ ಅರ್ಧ ಉಸಿರು ಚೆಲ್ಲಿಬಿಡುವುದು ಸಾಮಾನ್ಯ ದೋಷ. ಹಾಡಿನ ಮೊದಲ ಪದ ಜೋರಾಗಿ, ಕೊನೆಯ ಪದ ಗಾಳಿಯಲ್ಲಿ ಕರಗಿಹೋಗುವುದು ಇದರಿಂದಲೇ.

ತದ್ವಿರುದ್ಧ ದೋಷವೂ ಇದೆ: ಪ್ರತಿ ಸಾಲಿಗೂ ಎದೆ ತುಂಬ ಗಾಳಿ ತುಂಬಿಕೊಳ್ಳುವುದು. ಐದಾರು ಸೆಕೆಂಡಿನ ಸಾಲಿಗೆ ಅಷ್ಟು ಗಾಳಿ ಬೇಡ. ಹೆಚ್ಚಾದ ಗಾಳಿ ಧ್ವನಿತಂತುಗಳನ್ನು ಕೆಳಗಿನಿಂದ ಒತ್ತುತ್ತದೆ, ಅದನ್ನು ತಡೆಯಲು ಗಂಟಲು ಬಿಗಿಯುತ್ತದೆ. ಸಾಲನ್ನು ಎದುರಿಗಿರುವವರಿಗೆ ಹೇಳಲು ಎಷ್ಟು ಉಸಿರು ತೆಗೆಯುತ್ತೀರೋ ಅದಕ್ಕಿಂತ ಸ್ವಲ್ಪ ಹೆಚ್ಚು ಸಾಕು.

ದಿನದ ಇಪ್ಪತ್ತು ನಿಮಿಷ

ಭಾನುವಾರ ಎರಡು ಗಂಟೆ ಹಾಡುವುದಕ್ಕಿಂತ ದಿನಾ 20 ನಿಮಿಷ ಮೇಲು. ಮೊದಲ ನಾಲ್ಕು ನಿಮಿಷ ಸ್ಟ್ರಾ ಮತ್ತು ನೀರು. ಅರ್ಧ ಲೋಟ ನೀರಿನಲ್ಲಿ ಸ್ಟ್ರಾದ ತುದಿ ಎರಡು ಬೆರಳ ಅಗಲದಷ್ಟು ಮುಳುಗಿರಲಿ. ತುಟಿ ಮುಚ್ಚಿ ಸ್ಟ್ರಾದ ಮೂಲಕ ‘ಊ’ ಎಂದು ಗುನುಗಿ, ಗುಳ್ಳೆಗಳು ಒಂದೇ ಸಮನೆ ಬರಲಿ. ಷಡ್ಜದಿಂದ ಪಂಚಮಕ್ಕೆ ಜಾರಿ, ಹಿಂದಕ್ಕೆ ಬನ್ನಿ. ಬಾಯಿಯ ಕಡೆ ತಡೆ ಇರುವುದರಿಂದ ಗಾಳಿಯ ಒತ್ತಡ ತುಸು ಹಿಂದಿರುಗಿ, ಧ್ವನಿತಂತುಗಳು ಬಡಿದುಕೊಳ್ಳದೆ ಮೃದುವಾಗಿ ಕಂಪಿಸುತ್ತವೆ. ಗುಳ್ಳೆ ಬರುತ್ತಿದ್ದು ಸದ್ದಿಲ್ಲ ಎಂದರೆ ಬರೀ ಊದುತ್ತಿದ್ದೀರಿ. ಸದ್ದಿದ್ದು ಗುಳ್ಳೆ ನಿಂತರೆ ಗಂಟಲು ಬಿಗಿದಿದೆ, ಇಲ್ಲವೇ ಗಾಳಿ ಮೂಗಿನಿಂದ ಹೋಗುತ್ತಿದೆ.

ಮುಂದಿನ ನಾಲ್ಕು ನಿಮಿಷ ತುಟಿ ನಡುಗಿಸುವುದು. ಮಕ್ಕಳು ಬಸ್ಸು ಓಡಿಸುವ ಆಟದಲ್ಲಿ ‘ಬುರ್ರ್’ ಎನ್ನುತ್ತಾರಲ್ಲ, ಅದೇ. ಆಗದಿದ್ದರೆ ಎರಡೂ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಮೇಲಕ್ಕೆತ್ತಿ ಹಿಡಿಯಿರಿ. ಇದರಲ್ಲೇ ಸರಳೆ ವರಸೆಯ ಮೊದಲ ಸಾಲನ್ನು (ಸ ರಿ ಗ ಮ ಪ ದ ನಿ ಸ) ಒಂದನೇ ಕಾಲದಲ್ಲಿ, ಅಂದರೆ ನಿಧಾನಗತಿಯಲ್ಲಿ, ಏರಿ ಇಳಿಯಿರಿ. ತುಟಿ ನಿಂತುಹೋದ ಸ್ವರದಲ್ಲಿ ಉಸಿರು ಕಡಿಮೆಯಾಗಿದೆ ಎಂದು ತಿಳಿಯಬಹುದು.

ಆಮೇಲೆ ಆರು ನಿಮಿಷ ‘ನಮ್ಮ ಮನೆ’. ಸ ರಿ ಗ ಮ ಪ ಮ ಗ ರಿ ಸ ಸ್ವರಗಳ ಮೇಲೆ ಈ ಎರಡು ಪದಗಳನ್ನು ಮಾತಾಡಿದಷ್ಟೇ ಸಲೀಸಾಗಿ ಇಡಿ, ಅರ್ಧ ಮನೆಯಂತೆ ಏರಿಸುತ್ತಾ ಹೋಗಿ. ನ, ಮ ಅಕ್ಷರಗಳು ದನಿಯನ್ನು ಮುಖದ ಮುಂಭಾಗಕ್ಕೆ ತರುತ್ತವೆ, ಮೇಲ್ದುಟಿಯ ಹತ್ತಿರ ಸಣ್ಣ ಕಂಪನ ಗೊತ್ತಾಗಬೇಕು. ಆದರೆ ಅಲ್ಲಿಂದ ಮೂಗಿಗೆ ಜಾರದಂತೆ ನೋಡಿಕೊಳ್ಳಿ. ಪರೀಕ್ಷೆ ಸುಲಭ: ‘ನಮ್ಮಾ’ ಎಂದು ಆಕಾರದಲ್ಲಿ ನಿಲ್ಲಿಸಿ, ಮೂಗು ಹಿಡಿಯಿರಿ. ದನಿ ಬದಲಾಗದಿದ್ದರೆ ಸರಿ. ಬದಲಾದರೆ ಆಕಾರವೂ ಮೂಗಿನಿಂದ ಹೋಗುತ್ತಿದೆ.

ಉಳಿದ ಆರು ನಿಮಿಷ ತಂಬೂರಿಯ ಜೊತೆ ಅಕಾರ ಸಾಧನೆ. ಪ್ರತಿ ಸ್ವರ 8 ಸೆಕೆಂಡು, ಕುಲುಕಿಲ್ಲದೆ. ಎತ್ತುಗಡೆಯ, ಅಂದರೆ ಸ್ವರ ಶುರುವಾಗುವ ಕ್ಷಣದ, ಕಡೆ ಗಮನ ಇರಲಿ. ಸ್ವರದ ಮೊದಲು ‘ಹ’ ಎಂಬ ಗಾಳಿ ಬಂದರೆ ತಂತುಗಳು ತಡವಾಗಿ ಸೇರುತ್ತಿವೆ. ‘ಟಕ್’ ಎಂದು ಗಂಟಲಲ್ಲಿ ಬಡಿದರೆ ಮೊದಲೇ ಬಿಗಿಯಾಗಿ ಮುಚ್ಚಿಕೊಂಡಿವೆ. ಎರಡರ ನಡುವೆ, ಗಾಳಿಯೂ ದನಿಯೂ ಒಟ್ಟಿಗೆ ಹೊರಡಬೇಕು. ‘ಆಮೇಲೆ’ ಎಂದು ಸುಮ್ಮನೆ ಹೇಳಿ ನೋಡಿ, ಅದರ ಮೊದಲ ‘ಆ’ ಹೇಗೆ ಹುಟ್ಟಿತೋ ಹಾಗೆ.

ಬೆಳಗಿನ ಜಾವದ ಮಂದ್ರಸಾಧನೆ ಒಳ್ಳೆಯ ರೂಢಿ. ನಿದ್ದೆಯಿಂದ ಎದ್ದಾಗ ಧ್ವನಿತಂತುಗಳು ತುಸು ಊದಿಕೊಂಡಿರುವುದರಿಂದ ಕೆಳಗಿನ ಸ್ವರಗಳು ಸುಲಭವಾಗಿ ಸಿಗುತ್ತವೆ. ಅದೇ ಕಾರಣಕ್ಕೆ ಆ ಹೊತ್ತಿನಲ್ಲಿ ತಾರಸ್ಥಾಯಿಗೆ ಕೈಹಾಕಬಾರದು.

ದನಿ ಒಡೆಯುವ ಜಾಗ

ಏರುತ್ತಾ ಹೋದಂತೆ ಒಂದು ಜಾಗದಲ್ಲಿ ದನಿ ತಟ್ಟನೆ ತೆಳುವಾಗುತ್ತದೆ, ಇಲ್ಲವೇ ಬಿರಿಯುತ್ತದೆ. 1 ಮನೆ ಶ್ರುತಿಯ ಗಂಡಸರಲ್ಲಿ ತಾರ ರಿಷಭದಿಂದ ಮಧ್ಯಮದ ನಡುವೆ, 5 ಮನೆಯ ಹೆಂಗಸರಲ್ಲಿ ತಾರ ಷಡ್ಜದ ಆಸುಪಾಸಿನಲ್ಲಿ ಅಥವಾ ತುಸು ಮೇಲೆ ಈ ಜಾಗ ಸಿಗಬಹುದು. ಕೆಳಗಿನ ಸ್ವರಗಳಲ್ಲಿ ಧ್ವನಿತಂತುಗಳು ದಪ್ಪವಾಗಿ, ಇಡಿಯಾಗಿ ಕಂಪಿಸುತ್ತವೆ. ಮೇಲಕ್ಕೆ ಹೋದಂತೆ ಎಳೆದುಕೊಂಡು ತೆಳುವಾಗಬೇಕು. ದಪ್ಪ ರೂಪವನ್ನೇ ಬಲವಂತವಾಗಿ ಮೇಲಕ್ಕೆ ಹೊತ್ತೊಯ್ದರೆ ಮೊದಲು ಕಿರುಚು, ಆಮೇಲೆ ಬಿರುಕು. ಹೆದರಿ ಪೂರ್ತಿ ಕಳ್ಳದನಿಗೆ (ಎದೆಯ ಬಲವಿಲ್ಲದ ತೆಳು ಮೇಲ್ದನಿಗೆ) ಹಾರಿದರೆ ಪಲ್ಲವಿಯನ್ನು ಒಬ್ಬರು, ಚರಣವನ್ನು ಇನ್ನೊಬ್ಬರು ಹಾಡಿದಂತೆ ಕೇಳುತ್ತದೆ.

ಅಭ್ಯಾಸವನ್ನು ಮೇಲಿನಿಂದ ಆರಂಭಿಸಿ. ಮೆಲ್ಲನೆಯ ಕಳ್ಳದನಿಯಲ್ಲಿ ‘ಊ’ ಎಂದು ಮೇಲೆ ಹಿಡಿದು, 6ರಿಂದ 8 ಸೆಕೆಂಡಿನಲ್ಲಿ ಮಂದ್ರದವರೆಗೆ ಜಾರಿ ಬನ್ನಿ. ಐದು ಸಲ. ಮೆಟ್ಟಿಲು ಎಲ್ಲಿ ಸಿಗುತ್ತದೆಯೋ ಅಲ್ಲಿ ಇನ್ನೂ ನಿಧಾನ, ಇನ್ನೂ ಮೆಲ್ಲಗೆ. ಜಾರು ನಯವಾದ ಮೇಲೆ ಕೆಳಗಿನಿಂದ ಮೇಲಕ್ಕೆ. ಬಳಿಕ ಹಿತ್ತಿಲಿನಿಂದ ಅಡುಗೆಮನೆಯವರನ್ನು ಕರೆಯುವ ಹಾಗೆ ‘ಅಮ್ಮಾ’ ಎಂದು ಕರೆಯಿರಿ. ಸಿಟ್ಟಿನ ಕೂಗು ಬೇಡ, ಬರೀ ಕರೆ. ಆ ಎರಡನೇ ಅಕ್ಷರದಲ್ಲಿ ದನಿ ಎದೆಯದೂ ಅಲ್ಲ, ಕಳ್ಳದನಿಯೂ ಅಲ್ಲ, ಎರಡರ ಬೆಸುಗೆ. ಹಾಡಿನ ಏರುಸಾಲಿಗೆ ಬೇಕಾದದ್ದು ಅದೇ. ಕರೆದ ಸ್ವರವನ್ನು ಹಾರ್ಮೋನಿಯಂನಲ್ಲಿ ಹುಡುಕಿ, ಅದೇ ಸ್ವರದಲ್ಲಿ ಸಾಲಿನ ಪದಗಳನ್ನು ಇಟ್ಟು ನೋಡಿ. ಒಡೆಯುವ ಜಾಗಕ್ಕೆ ಎರಡು ಸ್ವರ ಮೊದಲೇ ಜೋರನ್ನು ಸ್ವಲ್ಪ ಇಳಿಸಿ. ನಮ್ಮ ರೂಢಿ ಇದಕ್ಕೆ ವಿರುದ್ಧ: ಮೇಲಿನ ಸ್ವರ ಬಂತೆಂದರೆ ಜೋರು ಹೆಚ್ಚಿಸುತ್ತೇವೆ. ಈ ರೂಢಿ ಬಿಡಿಸಲು ತಿಂಗಳುಗಳೇ ಬೇಕು, ಅವಸರ ಬೇಡ.

ಕನ್ನಡವನ್ನು ಬಾಯಲ್ಲಿಡುವುದು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಕಂಠ ಎಷ್ಟೇ ಚೆನ್ನಾಗಿರಲಿ, ಮಾತು ಕೆಟ್ಟರೆ ಹಾಡು ಕೃತಕವಾಗುತ್ತದೆ. ಅಭ್ಯಾಸಕ್ಕೆಂದು ಒಂದು ಸಾಲು ಕಟ್ಟಿಕೊಳ್ಳೋಣ:

‘ಸಂಜೆಯ ಬಾಗಿಲಲಿ ದೀಪ ಹಿಡಿದು ನಿಂತೆ’

ಮೊದಲು ರಾಗ ಬಿಟ್ಟು ಮೂರು ಸಲ ಹೇಳಿ, ಎದುರಿಗೆ ಒಬ್ಬರು ಕೂತಿದ್ದಾರೆ ಎಂದುಕೊಂಡು. ನಿಮ್ಮ ದನಿ ಎಲ್ಲಿ ಏರಿತು, ಎಲ್ಲಿ ನಿಂತಿತು ಗಮನಿಸಿ. ಉಸಿರಿನ ಜಾಗ ‘ಬಾಗಿಲಲಿ’ ಆದ ಮೇಲೆ. ‘ದೀಪ’ಕ್ಕೂ ‘ಹಿಡಿದು’ವಿಗೂ ನಡುವೆ ಉಸಿರು ತೆಗೆದರೆ ದೀಪ ಕೈಬಿಟ್ಟು ಹೋಗುತ್ತದೆ. ತಾಳಕ್ಕೆ ಸರಿಯಾಗುತ್ತದೆಂದು ‘ಬಾಗಿ’ ಎಂದು ನಿಂತು ‘ಲಲಿ’ಯನ್ನು ಆಮೇಲೆ ಹಾಡಿದರಂತೂ ಬಾಗಿಲ ಬದಲು ಯಾರೋ ಬಾಗಿದರು ಎಂದು ಕೇಳುತ್ತದೆ.

‘ಸಂ’ನಲ್ಲಿ ಎಳೆಯಬೇಕಾದದ್ದು ಒಳಗಿನ ಅಕಾರ. ಬಿಂದುವನ್ನು ಹಿಡಿದು ಎಳೆದರೆ ದನಿ ಮೂಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅನುಸ್ವಾರವನ್ನು ಜೆಕಾರಕ್ಕೆ ಮುಟ್ಟುವ ಕ್ಷಣದಲ್ಲಿ ಮಾತ್ರ ತನ್ನಿ. ‘ದೀಪ’ದಲ್ಲಿ ಉದ್ದ ಇರುವುದು ‘ದೀ’ಯಲ್ಲಿ, ‘ಪ’ ಗಿಡ್ಡ. ಮಟ್ಟಿನಲ್ಲಿ ಎರಡನೇ ಅಕ್ಷರಕ್ಕೆ ಹೆಚ್ಚು ಕಾಲ ಇದ್ದರೆ ಅನೇಕರು ‘ದೀಪಾ’ ಎಂದು ಒಬ್ಬ ಹುಡುಗಿಯನ್ನು ಕರೆದುಬಿಡುತ್ತಾರೆ. ಅಂಥಲ್ಲಿ ‘ದೀ’ಯನ್ನೇ ಇನ್ನಷ್ಟು ಹಿಡಿದು, ‘ಪ’ವನ್ನು ಹಗುರವಾಗಿ ಬಿಟ್ಟು, ಉಳಿದ ಕಾಲವನ್ನು ಮೌನಕ್ಕೆ ಕೊಡಿ. ‘ಹಿಡಿದು’ವಿನಲ್ಲಿ ‘ಡಿ’ಗೆ ನಾಲಿಗೆಯ ತುದಿ ಮೇಲಕ್ಕೆ ಮಡಚಬೇಕು, ‘ದು’ಗೆ ಹಲ್ಲಿಗೆ ತಾಗಬೇಕು. ವೇಗದಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಸಾಲಿನ ಕೊನೆಯ ‘ತೆ’ಯನ್ನು ‘ತೇ’ ಮಾಡಿ ಬಾಯಿ ಅಗಲಿಸಬೇಡಿ.

ಹಕಾರ ಬಿಡುವ ಊರಿನವರಾದರೆ ಹಾಡುವಾಗ ಎಚ್ಚರ ಬೇಕು, ಹಕ್ಕಿ ಅಕ್ಕಿಯಾಗುತ್ತದೆ. ಲಕಾರ ಳಕಾರಗಳೂ ಹಾಗೆಯೇ: ಬೆಳೆಯ ಹಾಡು ಬೆಲೆಯ ಹಾಡಾಗಬಾರದು. ಆದರೆ ಅತಿಯಾದ ಶುದ್ಧತೆಯೂ ದೋಷವೇ. ಮಹಾಪ್ರಾಣಗಳನ್ನೆಲ್ಲ ಎದೆಯಿಂದ ಒದ್ದು ಹೊರಗೆ ಹಾಕಿದರೆ ಜನಪದ ಧಾಟಿಯ ಗೀತೆ ಭಾಷಣದಂತೆ ಕೇಳುತ್ತದೆ. ಕವಿ ಆಡುಮಾತಿನಲ್ಲಿ ಬರೆದಿದ್ದರೆ ಆಡುಮಾತಿನಲ್ಲೇ ಹಾಡಿ, ಧಾರವಾಡದ ಮಾತಿದ್ದರೆ ಅದರ ಲಯವನ್ನೇ ಕಿವಿಗೆ ಹಚ್ಚಿಕೊಳ್ಳಿ.

ತಾರಸ್ಥಾಯಿಯಲ್ಲಿ ಈಕಾರ, ಊಕಾರ ಬಿಗಿಯುತ್ತವೆ, ಏಕೆಂದರೆ ಅವಕ್ಕೆ ಬಾಯಿಯ ಒಳಜಾಗ ಕಡಿಮೆ. ‘ನೀ’ ಎಂದು ಮೇಲೆ ನಿಲ್ಲಬೇಕಾದಾಗ ಕೆಳದವಡೆಯನ್ನು ಒಂದು ಬೆರಳಷ್ಟು ಇಳಿಸಿ, ಒಳಗೆ ಎಕಾರದ ನೆನಪು ಇಟ್ಟುಕೊಳ್ಳಿ. ಕೇಳುವವರಿಗೆ ‘ನೀ’ ಎಂದೇ ಕೇಳುತ್ತದೆ, ಗಂಟಲಿಗೆ ಜಾಗ ಸಿಗುತ್ತದೆ. ಆಕಾರಕ್ಕೆ ಎರಡು ಬೆರಳು ನಿಲ್ಲುವಷ್ಟು ತೆರೆದರೆ ಸಾಕು, ಅದಕ್ಕೂ ಮಿಗಿಲಾದರೆ ಕೂಗಾಗುತ್ತದೆ.

ಸಂಗತಿ, ಗಮಕ, ಕಂಪನ

ಕರ್ನಾಟಕ ಸಂಗೀತ ಕಲಿತು ಬಂದವರಿಗೆ ಶ್ರುತಿಜ್ಞಾನ, ಲಯ ಮೊದಲೇ ಇರುತ್ತದೆ, ದೊಡ್ಡ ಆಸ್ತಿ ಅದು. ಅವರು ಕಲಿಯಬೇಕಾದದ್ದು ಬಿಡುವುದನ್ನು. ಪ್ರತಿ ಗಾಂಧಾರವನ್ನೂ ಗಮಕ ಹಾಕಿ ಅಲುಗಿಸಿದರೆ ಪದ ಮುಳುಗುತ್ತದೆ. ಹಾಡನ್ನು ಮೊದಲ ವಾರ ಒಂದೂ ಅಲಂಕಾರವಿಲ್ಲದೆ ಹಾಡಿ. ಆಮೇಲೆ ಮುರ್ಕಿಯಾಗಲಿ (ಸ್ವರಗಳ ಸಣ್ಣ, ಚುರುಕು ಸುತ್ತು), ಜಾರಾಗಲಿ, ಅರ್ಥಕ್ಕೆ ಬಲ ಬರುವ ಕಡೆ ಮಾತ್ರ ಒಂದೊಂದಾಗಿ ಸೇರಿಸಿ. ಸ್ವರದ ಕೊನೆಯಲ್ಲಿ ಬರುವ ಸಹಜ ಕಂಪನ ಸೆಕೆಂಡಿಗೆ ಐದಾರು ಅಲೆಯಷ್ಟಿರುತ್ತದೆ, ಬಿಗಿತವಿಲ್ಲದಿದ್ದರೆ ತಾನಾಗಿ ಬರುತ್ತದೆ. ಗದ್ದವನ್ನೋ ಹೊಟ್ಟೆಯನ್ನೋ ಕುಲುಕಿಸಿ ಅದನ್ನು ತಯಾರಿಸಬೇಡಿ. ದುಃಖದ ಹಾಡಿಗೆ ಬಿಕ್ಕುದನಿ ಸೇರಿಸುವುದೂ ಹೀಗೆಯೇ: ಉಸಿರು ಸೋರುತ್ತದೆ, ಶ್ರುತಿ ಇಳಿಯುತ್ತದೆ.

ಮೈಕು ಮತ್ತು ಕಿವಿ

ವೇದಿಕೆಯ ಕೈಮೈಕನ್ನು ಮೆಲ್ಲನೆಯ ಸಾಲಿಗೆ ಬಾಯಿಂದ ಎರಡು ಮೂರು ಬೆರಳ ದೂರದಲ್ಲಿ, ಏರುಸಾಲಿಗೆ ಒಂದು ಚೋಟು ದೂರದಲ್ಲಿ ಹಿಡಿಯಿರಿ. ಹತ್ತಿರ ಹೋದಷ್ಟೂ ಮೈಕು ದನಿಯ ಕೆಳಗಿನ ಪದರವನ್ನು ಹೆಚ್ಚಿಸಿ ಗುಂಯ್‌ಗುಡಿಸುತ್ತದೆ. ಆ ಮೆರುಗಿಗೆ ಮರುಳಾಗಿ ಇಡೀ ಹಾಡನ್ನು ತುಟಿಗೆ ತಾಗಿಸಿ ಹಾಡಿದರೆ ಪದಗಳು ತಿಳಿಯುವುದಿಲ್ಲ. ಪ, ಬ, ಭ ಅಕ್ಷರಗಳ ಗಾಳಿ ‘ಧಪ್’ ಎನ್ನುತ್ತಿದ್ದರೆ ಮೈಕನ್ನು ಬಾಯಿಯ ನೇರದಿಂದ ತುಸು ಓರೆ ಮಾಡಿ. ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಕೀರಲು ಕೂಗು ಶುರುವಾಗುತ್ತದೆ. ನಿಮ್ಮ ದನಿ ನಿಮಗೆ ಕೇಳುತ್ತಿಲ್ಲವೆಂದರೆ ಹಾಡಿಗೆ ಮೊದಲೇ ಸೌಂಡ್‌ನವರಿಗೆ ಹೇಳಿ ಮಾನಿಟರ್ (ಹಾಡುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್) ಏರಿಸಿಕೊಳ್ಳಿ. ಕೇಳದಿದ್ದಾಗ ಎಲ್ಲರೂ ಕಿರುಚುತ್ತಾರೆ, ಮೂರನೇ ಹಾಡಿಗೆ ಗಂಟಲು ಕಟ್ಟುತ್ತದೆ.

ಮನೆಯಲ್ಲಿ ಅಭ್ಯಾಸ ಎಕೋ ಇಲ್ಲದೆ ನಡೆಯಲಿ, ಎಕೋ ಎಲ್ಲ ತಪ್ಪನ್ನೂ ಹೊದ್ದಿಸಿಬಿಡುತ್ತದೆ. ಕರೋಕೆ ಆ್ಯಪ್‌ಗೆ ವೈರ್ ಇರುವ ಇಯರ್‌ಫೋನ್ ಬಳಸಿ. ಬ್ಲೂಟೂತ್‌ನಲ್ಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ತಡವಾಗಿ ಬರುವುದುಂಟು, ನೀವು ತಾಳಕ್ಕೆ ಸರಿಯಾಗಿ ಹಾಡಿದರೂ ಧ್ವನಿಮುದ್ರಣದಲ್ಲಿ ಹಿಂದೆ ಬಿದ್ದಿರುತ್ತೀರಿ. ಒಂದು ಕಿವಿ ತೆರೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಫೋನನ್ನು ಒಂದು ಮೀಟರ್ ದೂರದಲ್ಲಿಟ್ಟು, ಮೊದಲು ಸಾಲನ್ನು ಹೇಳಿ, ಕೂಡಲೇ ಅದನ್ನೇ ಹಾಡಿ, ಎರಡನ್ನೂ ಒಂದೇ ಕಡತದಲ್ಲಿ ಮುದ್ರಿಸಿ. ಕೇಳುವಾಗ ಹೇಳಿದವರೂ ಹಾಡಿದವರೂ ಒಬ್ಬರೇ ಅನ್ನಿಸಬೇಕು. ಅನ್ನಿಸದ ಪದದ ಕೆಳಗೆ ಗೆರೆ ಎಳೆದು, ಮುಂದಿನ ವಾರ ಆ ಪದದಿಂದಲೇ ಶುರುಮಾಡಿ.

ಗಂಟಲ ಆರೈಕೆ, ಕಾರ್ಯಕ್ರಮದ ದಿನ

ಜೇನು, ಮೆಣಸು, ಕಲ್ಲುಸಕ್ಕರೆ ಗಂಟಲಿಗೆ ಹಿತ ಕೊಡುತ್ತವೆ, ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ತಂತುಗಳಿಗೆ ತೇವ ಸಿಗುವುದು ದಿನವಿಡೀ ಸ್ವಲ್ಪ ಸ್ವಲ್ಪ ಕುಡಿದ ನೀರಿನಿಂದ, ಹಬೆಯಿಂದ. ಗಂಟಲು ಕೆರೆದುಕೊಳ್ಳುವ ಅಭ್ಯಾಸ ಬಿಡಿ, ಅದರ ಬದಲು ಒಂದು ಗುಟುಕು ನುಂಗಿ. ದನಿ ಕೆಟ್ಟಾಗ ಪಿಸುಗುಟ್ಟುವುದೂ ಶ್ರಮವೇ, ಸುಮ್ಮನಿರುವುದು ಒಳ್ಳೆಯದು. ಎರಡು ಮೂರು ವಾರವಾದರೂ ದನಿ ಒರಟಾಗಿಯೇ ಇದ್ದರೆ, ಅಥವಾ ಹಾಡುವಾಗ ನೋವು ಬಂದರೆ, ಕಿವಿ ಮೂಗು ಗಂಟಲು ವೈದ್ಯರಲ್ಲಿ ಧ್ವನಿಪೆಟ್ಟಿಗೆ ತೋರಿಸಿಕೊಳ್ಳಿ. ದನಿ ಒಡೆಯುತ್ತಿರುವ ವಯಸ್ಸಿನ ಹುಡುಗರಿಗೆ ಹಳೆಯ ಶ್ರುತಿಯಲ್ಲಿ ಹಾಡಲು ಒತ್ತಾಯ ಮಾಡಬೇಡಿ. ಅವರ ಕಂಠ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತಿರುತ್ತದೆ, ಮಧ್ಯದ ನಾಲ್ಕೈದು ಸ್ವರಗಳಲ್ಲಿ ಮೆಲ್ಲಗೆ ಹಾಡಿಸಿ.

ಕಾರ್ಯಕ್ರಮದ ದಿನ ಊಟ ಎರಡು ಗಂಟೆ ಮೊದಲೇ ಮುಗಿದಿರಲಿ, ಎಣ್ಣೆ ಖಾರ ಕಡಿಮೆ. ಹತ್ತು ನಿಮಿಷ ಸ್ಟ್ರಾ, ತುಟಿ ನಡುಕ, ಜಾರು ಅಷ್ಟೇ ಮಾಡಿ, ಇಡೀ ಹಾಡನ್ನು ವೇದಿಕೆಯ ಹಿಂದೆ ಹಾಡಿ ಮುಗಿಸಬೇಡಿ. ಪಟ್ಟಿಯ ಮೊದಲ ಹಾಡು ಮಧ್ಯಸ್ಥಾಯಿಯದಿರಲಿ, ಅತಿ ಎತ್ತರದ ಹಾಡು ಮೂರನೆಯದೋ ನಾಲ್ಕನೆಯದೋ ಆಗಲಿ, ಅದಾದ ಮೇಲೆ ಯುಗಳಗೀತೆ ಇಟ್ಟುಕೊಂಡರೆ ಗಂಟಲಿಗೆ ಬಿಡುವು ಸಿಗುತ್ತದೆ. ಮುಗಿದ ಮೇಲೆ, ಊಟಕ್ಕೆ ಕೂರುವ ಮೊದಲು, ಐದು ನಿಮಿಷ ಸ್ಟ್ರಾದಲ್ಲಿ ಮೇಲಿನಿಂದ ಕೆಳಕ್ಕೆ ಜಾರಿ, ನೀವು ಮಾತಾಡುವ ಸ್ವರಕ್ಕೆ ಬಂದು ನಿಲ್ಲಿಸಿ.